ತಾತನ ಮಿಲಿಟರಿ ದಿನಗಳನ್ನು ಹುಡುಕುವುದು: ಹೆಸರಿಗಿಂತ ನಂಬರ್ ಮುಖ್ಯ

"ನಮ್ಮ ತಾತ ಬರ್ಮಾ ಯುದ್ಧಕ್ಕೆ ಹೋಗಿದ್ದರಂತೆ." ಈ ಮಾತು ಹೇಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾವ ರೆಜಿಮೆಂಟ್, ಯಾವ ವರ್ಷ, ಬರ್ಮಾದಲ್ಲಿ ಎಲ್ಲಿ ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ತಾತ ಹೇಳಲಿಲ್ಲ, ಮನೆಯವರು ಕೇಳಲಿಲ್ಲ, ಈಗ ಕೇಳೋಣ ಅಂದರೆ ತಾತ ಇಲ್ಲ.

ಎರಡನೇ ಮಹಾಯುದ್ಧ ಶುರುವಾದಾಗ ಭಾರತೀಯ ಸೇನೆಯಲ್ಲಿ ಇದ್ದದ್ದು ಸುಮಾರು 2 ಲಕ್ಷ ಜನ. 1945ರ ಹೊತ್ತಿಗೆ ಅದು 25 ಲಕ್ಷ ತಲುಪಿತ್ತು. ಅಷ್ಟು ಜನರಲ್ಲಿ ಒಬ್ಬರನ್ನು ಹುಡುಕುವುದು ಆಗದ ಕೆಲಸ ಅಂತ ಅನ್ನಿಸಬಹುದು. ಆದರೆ ಸೇನೆ ಬರೆದಿಡುವಷ್ಟು ಕಾಗದವನ್ನು ಬೇರೆ ಯಾರೂ ಬರೆದಿಡುವುದಿಲ್ಲ. ತೊಂದರೆ ಇರುವುದು ನಾವು ಹುಡುಕಲು ಶುರು ಮಾಡುವ ಜಾಗದಲ್ಲಿ. ಎಲ್ಲರೂ ಮೊದಲು ಮಾಡುವುದು ತಾತನ ಹೆಸರನ್ನು ಗೂಗಲ್‌ನಲ್ಲಿ ಹಾಕುವುದು. ಅಲ್ಲಿ ಏನೂ ಸಿಗದೆ ಇದ್ದಾಗ ದಾಖಲೆಯೇ ಇಲ್ಲ ಅಂದುಕೊಂಡು ಕೈಬಿಡುತ್ತಾರೆ.

ಜಮೀನಿಗೆ ಸರ್ವೆ ನಂಬರ್ ಹೇಗೋ ಸಿಪಾಯಿಗೆ ರೆಜಿಮೆಂಟಲ್ ನಂಬರ್ ಹಾಗೆ. ಒಂದೇ ರೆಜಿಮೆಂಟಿನಲ್ಲಿ ಅದೆಷ್ಟು ರಾಮಯ್ಯಂದಿರು, ಅದೆಷ್ಟು ಮುನಿಸ್ವಾಮಿಗಳು ಇದ್ದರೋ! ನಂಬರ್ ಮಾತ್ರ ಒಬ್ಬರಿಗೆ ಒಂದೇ. ನಂಬರ್ ಮತ್ತು ಯೂನಿಟ್, ಈ ಎರಡು ಸಿಕ್ಕರೆ ಮುಕ್ಕಾಲು ಪಾಲು ದಾರಿ ಸವೆಸಿದ ಹಾಗೆ. ನಂಬರ್ ಸಿಗದೆ ಯೂನಿಟ್ ಮಾತ್ರ ಸಿಕ್ಕರೂ ತಾತ ಎಲ್ಲಿದ್ದರು, ಏನು ಮಾಡುತ್ತಿದ್ದರು ಅನ್ನುವುದನ್ನು ಸಾಕಷ್ಟು ತಿಳಿಯಬಹುದು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಕಹಿ ವಿಷಯ ಹೇಳಿಬಿಡಬೇಕು. ಪಿಂಚಣಿ ಇಲ್ಲದೆ ಬಿಡುಗಡೆಯಾದ ಸಿಪಾಯಿಗಳ ವೈಯಕ್ತಿಕ ದಾಖಲೆಯನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶ ಮಾಡುವುದು ನಮ್ಮ ಸೇನೆಯ ನಿಯಮ. ಯುದ್ಧಕ್ಕೆಂದು ಸೇರಿಸಿಕೊಂಡವರಲ್ಲಿ ಹೆಚ್ಚಿನವರನ್ನು ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಿದರು. ಮೂರ್ನಾಲ್ಕು ವರ್ಷದ ಸೇವೆಗೆ ಪಿಂಚಣಿ ಬರುವುದಿಲ್ಲ, ಕೈಗೆ ಒಂದಿಷ್ಟು ಗ್ರಾಚ್ಯುಟಿ ಕೊಟ್ಟರು, ಅಷ್ಟೆ. ಹಾಗಾಗಿ 1946ರಲ್ಲಿ ಊರಿಗೆ ಬಂದವರ ಕಾಗದಗಳ ಅವಧಿ 1971ಕ್ಕೇ ಮುಗಿದಿತ್ತು. ಇದು ನನಗೆ ಈಗಲೂ ಬೇಸರ ತರಿಸುವ ಸಂಗತಿ. ಆದರೆ ಎಲ್ಲವೂ ಹೋಗಿಲ್ಲ. ಸೇರಿಸಿಕೊಂಡವರನ್ನೆಲ್ಲ ಸಾಲಾಗಿ ಬರೆದ ದೊಡ್ಡ ರಿಜಿಸ್ಟರ್ ಒಂದಿರುತ್ತದೆ, ಅದಕ್ಕೆ ಲಾಂಗ್ ರೋಲ್ ಅನ್ನುತ್ತಾರೆ. ನಂಬರ್, ಹೆಸರು, ಸೇರಿದ ದಿನ, ಬಿಟ್ಟ ದಿನ, ಇಂಥ ಮುಖ್ಯ ವಿವರಗಳು ಅದರಲ್ಲಿ ಇರುತ್ತವೆ. ವೈಯಕ್ತಿಕ ದಾಖಲೆ ನಾಶವಾದ ಮೇಲೂ ಈ ರಿಜಿಸ್ಟರ್ ಉಳಿಯುತ್ತದೆ. ಸೈನಿಕರ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ ಆಫೀಸಿಗೆ ಪತ್ರ ಬರೆಯುವಾಗ "ಸರ್ವಿಸ್ ರೆಕಾರ್ಡ್ ಕೊಡಿ" ಅಂತ ಮಾತ್ರ ಕೇಳಿದರೆ "ನಾಶವಾಗಿದೆ" ಅಂತ ಉತ್ತರ ಬಂದು ವಿಷಯ ಮುಗಿದುಹೋಗಬಹುದು. "ಲಾಂಗ್ ರೋಲ್‌ನಲ್ಲಿರುವ ವಿವರವನ್ನಾದರೂ ಕೊಡಿ" ಅಂತ ಬಿಡಿಸಿ ಕೇಳಬೇಕು.

ಈಗ ಮನೆಯಿಂದ ಶುರು ಮಾಡೋಣ. ಹಳೇ ಟ್ರಂಕು, ದೇವರ ಮನೆಯ ಗೂಡು, ಅಜ್ಜಿಯ ಪೆಟ್ಟಿಗೆ, ಎಲ್ಲವನ್ನೂ ನೋಡಿ. ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕರೆ ಅದಕ್ಕಿಂತ ಭಾಗ್ಯ ಇಲ್ಲ, ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ. ಮನೀ ಆರ್ಡರ್ ಚೀಟಿ, ಯುದ್ಧಭೂಮಿಯಿಂದ ಬಂದ ಕಾಗದ, ಯೂನಿಫಾರ್ಮಿನಲ್ಲಿ ತೆಗೆಸಿಕೊಂಡ ಫೋಟೋ ಯಾವುದನ್ನೂ ಕಡೆಗಣಿಸಬೇಡಿ. ಫೋಟೋದಲ್ಲಿ ಮುಖ ನೋಡಿ ಸುಮ್ನೆ ಇಡಬೇಡಿ, ಭುಜದ ಮೇಲಿನ ಬ್ಯಾಡ್ಜ್ ಮತ್ತು ಟೋಪಿಯ ಚಿಹ್ನೆಯನ್ನು ಭೂತಗನ್ನಡಿ ಹಿಡಿದು ನೋಡಿ. ಫೋಟೋದ ಹಿಂದೆ ಸ್ಟುಡಿಯೋದ ಮುದ್ರೆ ಇದ್ದರೆ ಅದು ಯಾವ ಊರು ಅಂತಲೂ ಗೊತ್ತಾಗುತ್ತದೆ.

ಮೆಡಲ್ ಇದ್ದರೆ ಅದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಹಳದಿ ಲೋಹದ ಆರು ಮೂಲೆಯ ನಕ್ಷತ್ರಗಳು ಯುದ್ಧ ನಡೆದ ಪ್ರದೇಶವನ್ನು ಹೇಳುತ್ತವೆ. ನಕ್ಷತ್ರದ ನಡುವೆ ಆರನೇ ಜಾರ್ಜ್ ದೊರೆಯ ಲಾಂಛನ, ಅದರ ಸುತ್ತ ಇಂಗ್ಲಿಷಿನಲ್ಲಿ ನಕ್ಷತ್ರದ ಹೆಸರು. ಆಫ್ರಿಕಾ ಸ್ಟಾರ್ ಇದ್ದರೆ ತಾತ 1940ರ ಜೂನ್ 10ರಿಂದ 1943ರ ಮೇ 12ರ ನಡುವೆ ಉತ್ತರ ಆಫ್ರಿಕಾದಲ್ಲೋ ಎರಿಟ್ರಿಯಾ ಕಡೆಯೋ ಇದ್ದರು. ಇಟಲಿ ಸ್ಟಾರ್ ಅಂದರೆ 1943ರ ಜೂನ್‌ನಿಂದ 1945ರ ಮೇ ನಡುವಿನ ಮಾತು. ಮಲಯ, ಸಿಂಗಾಪುರದಲ್ಲಿ ಹೋರಾಡಿದವರಿಗೆ ಪೆಸಿಫಿಕ್ ಸ್ಟಾರ್. ಬರ್ಮಾ ಸ್ಟಾರ್ ವಿಷಯದಲ್ಲಿ ಒಂದು ಎಚ್ಚರ ಬೇಕು: ಅದನ್ನು ಬಂಗಾಳ ಮತ್ತು ಅಸ್ಸಾಂನಲ್ಲಿ ಸೇವೆ ಮಾಡಿದವರಿಗೂ ಕೊಟ್ಟಿದ್ದಾರೆ. ಅಂದರೆ ಮನೆಯಲ್ಲಿ "ಬರ್ಮಾ ಯುದ್ಧ" ಅಂತ ಹೇಳಿಕೊಂಡು ಬಂದದ್ದು ಇಂಫಾಲದ ಯುದ್ಧ ಆಗಿರಬಹುದು, ಕೊಹಿಮಾ ಆಗಿರಬಹುದು, ತಾತ ಗಡಿ ದಾಟದೆಯೂ ಇದ್ದಿರಬಹುದು.

ದುಂಡಗಿನ ಬೆಳ್ಳಿಬಣ್ಣದ ಮೆಡಲ್ ಇದ್ದರೆ ತಿರುಗಿಸಿ ನೋಡಿ. ಎರಡು ತಲೆಯ ಡ್ರ್ಯಾಗನ್ ಮೇಲೆ ಸಿಂಹ ನಿಂತಿದ್ದರೆ ಅದು ವಾರ್ ಮೆಡಲ್, 28 ದಿನ ಪೂರ್ಣಾವಧಿ ಸೇವೆ ಮಾಡಿದವರಿಗೆಲ್ಲ ಸಿಕ್ಕಿದ್ದು. ಭಾರತದ ನಕ್ಷೆ ಇದ್ದರೆ ಅದು ಇಂಡಿಯಾ ಸರ್ವಿಸ್ ಮೆಡಲ್, ಯುದ್ಧಭೂಮಿಯಿಂದ ದೂರ ಭಾರತದಲ್ಲೇ ಮೂರು ವರ್ಷ ಸೇವೆ ಮಾಡಿದ್ದಕ್ಕೆ. ಇರಾಕ್, ಇರಾನ್‌ಗೆ ಅಂತ ಪ್ರತ್ಯೇಕ ನಕ್ಷತ್ರ ಇರಲೇ ಇಲ್ಲ. ಆದ್ದರಿಂದ "ಬಸ್ರಾಗೆ ಹೋಗಿದ್ದೆ" ಅಂತ ಹೇಳುತ್ತಿದ್ದ ತಾತನ ಹತ್ತಿರ ಆ ಊರಿನ ಗುರುತಿನ ಮೆಡಲ್ ಇಲ್ಲದಿದ್ದರೆ ಅವರ ಮಾತು ಸುಳ್ಳು ಅಂತ ಅಲ್ಲ. ಇನ್ನು ಕೆಲವು ಮೆಡಲ್‌ಗಳ ಅಂಚಿನಲ್ಲೋ ಹಿಂಬದಿಯಲ್ಲೋ ನಂಬರ್, ಹೆಸರು, ರೆಜಿಮೆಂಟ್ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಓರೆ ಬೆಳಕಿನಲ್ಲಿ ಹಿಡಿದು ನೋಡಿದರೆ ಕಾಣುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಇರುವ ಅಕ್ಷರವೂ ಸವೆದುಹೋಗುತ್ತದೆ.

ಮನೆಯಲ್ಲಿ ಏನೂ ಸಿಗಲಿಲ್ಲವಾ? ಹಾಗಾದರೆ ತಾಲ್ಲೂಕು ಕಚೇರಿ. ಮಿಲಿಟರಿಯಿಂದ ಬಂದವರು ಅಂತ ಸರ್ಕಾರ ಜಮೀನು ಮಂಜೂರು ಮಾಡಿದ್ದರೆ ಆ ಫೈಲಿನಲ್ಲಿ ಸೇವೆಗೆ ಪುರಾವೆಯಾಗಿ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಇಟ್ಟಿರುವ ಸಾಧ್ಯತೆ ಇದೆ. ಸಾಗುವಳಿ ಚೀಟಿ ಮನೆಯಲ್ಲಿದ್ದರೆ ಅದರ ಮೇಲಿನ ಆದೇಶದ ನಂಬರ್ ಹಿಡಿದು ಮೂಲ ಫೈಲ್ ಕೇಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ರಾಜ್ಯ ಸರ್ಕಾರಗಳು ಸಹಾಯಧನ ಕೊಡುತ್ತಾ ಬಂದಿವೆ. ಅಜ್ಜಿ ಯಾವಾಗಲಾದರೂ ಅದಕ್ಕೆ ಅರ್ಜಿ ಹಾಕಿದ್ದರೆ ತಾತನ ನಂಬರ್ ಅಲ್ಲಿ ಬರೆದಿರಲೇಬೇಕು.

ಯೂನಿಟ್ ಯಾವುದು ಅಂತ ಊಹಿಸಲು ಊರು ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ. ಆಗ ಕರ್ನಾಟಕ ಅನ್ನುವ ರಾಜ್ಯ ಇರಲಿಲ್ಲ ಅಲ್ವಾ, ಆದ್ದರಿಂದ ದಾಖಲೆಯಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರದವರು ಬಾಂಬೆ ಪ್ರೆಸಿಡೆನ್ಸಿಯವರು. ಮಂಗಳೂರು, ಬಳ್ಳಾರಿಯವರು ಮದ್ರಾಸಿನವರು. ಕಲಬುರಗಿ, ರಾಯಚೂರಿನವರು ಹೈದರಾಬಾದಿನವರು. ಕೊಡಗು ಬೇರೆ, ಮೈಸೂರು ಬೇರೆ. ಉತ್ತರದ ಕಡೆಯವರು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಹೋಗಿರಬಹುದು, ಬೆಂಗಳೂರು ಸುತ್ತಮುತ್ತಲಿನವರು ದಂಡು ಪ್ರದೇಶದಲ್ಲಿದ್ದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿರಬಹುದು. ಆದರೆ ದಕ್ಷಿಣದಿಂದ ಹೋದವರಲ್ಲಿ ಬಂದೂಕು ಹಿಡಿದವರಷ್ಟೇ ಇರಲಿಲ್ಲ. ಲಾರಿ ಓಡಿಸಿದವರು, ರಸ್ತೆ ಮತ್ತು ವಿಮಾನದ ಹಾದಿ ಮಾಡಿದವರು, ಆಸ್ಪತ್ರೆಯಲ್ಲಿ ದುಡಿದವರು, ವೈರ್‌ಲೆಸ್ ನಡೆಸಿದವರು, ಅಡುಗೆ ಮಾಡಿದವರು ತುಂಬಾ ಜನ. ಅವರದೂ ಯುದ್ಧ ಸೇವೆಯೇ, ಅವರಿಗೂ ನಂಬರ್ ಇತ್ತು.

ರೆಕಾರ್ಡ್ ಆಫೀಸುಗಳು ಒಂದೇ ಕಡೆ ಇಲ್ಲ, ಆಯಾ ರೆಜಿಮೆಂಟ್ ಅಥವಾ ಕೋರ್‌ನ ಕೇಂದ್ರದ ಜೊತೆ ಇವೆ. ಸ್ಯಾಪರ್ಸ್ ಅಂದರೆ ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಅದು ಬೆಂಗಳೂರಿನಲ್ಲಿದೆ. ಮರಾಠಾ ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟ್ ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳ ನಾಸಿಕ್‌ನಲ್ಲಿ, ಸಿಗ್ನಲ್ಸ್ ಜಬಲ್ಪುರದಲ್ಲಿ, ವೈದ್ಯಕೀಯ ದಳ ಲಖನೌದಲ್ಲಿ. ಪತ್ರದಲ್ಲಿ ನಂಬರ್, ಹುದ್ದೆ, ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ಅಂದಿನ ಜಿಲ್ಲೆ, ಸೇರಿದ ಮತ್ತು ಬಿಟ್ಟ ವರ್ಷ ಬರೆಯಿರಿ. ವರ್ಷ ಖಚಿತ ಇಲ್ಲದಿದ್ದರೆ ಅಂದಾಜು ಅಂತಲೇ ಬರೆಯಿರಿ. ನೀವು ಮೊಮ್ಮಗ ಅಥವಾ ಮೊಮ್ಮಗಳು ಅನ್ನುವುದಕ್ಕೆ ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಸಾಕ್ಷಿಯಾಗುತ್ತದೆ, ಅದನ್ನೂ ತಾತನ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು, ಇಲ್ಲ ಅನ್ನುವುದಾದರೂ ಬರವಣಿಗೆಯಲ್ಲಿ ಹೇಳಬೇಕು.

ಇನ್ನು ನನಗೆ ಬಹಳ ಇಷ್ಟವಾದ ಭಾಗ: ವಾರ್ ಡೈರಿ. ಯುದ್ಧಕಾಲದಲ್ಲಿ ಪ್ರತಿ ಬೆಟಾಲಿಯನ್, ಪ್ರತಿ ಎಂಜಿನಿಯರ್ ಕಂಪನಿ ತನ್ನ ದಿನಚರಿ ಬರೆದು ತಿಂಗಳಿಗೊಮ್ಮೆ ಮೇಲಕ್ಕೆ ಕಳಿಸಬೇಕಿತ್ತು. ಒಂದು ಹಾಳೆಯಲ್ಲಿ ಅಂಕಣಗಳು: ಜಾಗ, ದಿನಾಂಕ, ಹೊತ್ತು, ನಡೆದದ್ದರ ಸಾರ. ಎಲ್ಲಿ ಬೀಡುಬಿಟ್ಟರು, ಯಾವ ಸೇತುವೆ ಕಟ್ಟಿದರು, ಮಳೆ ಬಂತಾ, ಎಷ್ಟು ಜನ ಸತ್ತರು, ಎಷ್ಟು ಜನಕ್ಕೆ ಗಾಯವಾಯಿತು, ಎಲ್ಲ ಒಂದೆರಡು ಸಾಲಿನಲ್ಲಿ. ಸಿಪಾಯಿಗಳ ಹೆಸರು ಬರುವುದು ಕಡಿಮೆ, ಅಧಿಕಾರಿಗಳ ಹೆಸರೇ ಜಾಸ್ತಿ. ಆದರೂ ತಾತ ಆ ಕಂಪನಿಯಲ್ಲಿ ಇದ್ದರು ಅನ್ನುವುದು ಖಚಿತವಾದರೆ ಆ ಡೈರಿ ಅವರದ್ದೂ ಹೌದು. ಕಾಗದ ನಾಶವಾದ ಸಿಪಾಯಿಯ ದಿನಗಳಿಗೆ ನಾವು ಇಷ್ಟು ಹತ್ತಿರ ಹೋಗಲು ಬೇರೆ ದಾರಿ ಇಲ್ಲ.

ಇಲ್ಲಿ ಯೂನಿಟ್ ಅಂದರೆ ರೆಜಿಮೆಂಟ್ ಗೊತ್ತಾದರೆ ಸಾಲದು, ಬೆಟಾಲಿಯನ್ ಅಥವಾ ಕಂಪನಿ ಗೊತ್ತಾಗಬೇಕು. ಹಳೇ ಕಾಗದದಲ್ಲಿ 2/5 ಮರಾಠಾ ಅಂತ ಇದ್ದರೆ 5ನೇ ರೆಜಿಮೆಂಟಿನ 2ನೇ ಬೆಟಾಲಿಯನ್ ಅಂತ ಓದಿಕೊಳ್ಳಬೇಕು. ಆ ಬೆಟಾಲಿಯನ್ 1942ರ ಜೂನ್‌ನಲ್ಲಿ ಲಿಬಿಯಾದ ತೊಬ್ರುಕ್‌ನಲ್ಲಿ ಸೆರೆಯಾಯಿತು. ಅದೇ ರೆಜಿಮೆಂಟಿನ 3/5 ಬೆಟಾಲಿಯನ್ 1944ರಲ್ಲಿ ಇಟಲಿಯಲ್ಲಿ ಕಾದಾಡುತ್ತಿತ್ತು, ಆ ಜುಲೈನಲ್ಲಿ ಅದರಲ್ಲಿ ನಾಯಕ್ ಹುದ್ದೆಯಲ್ಲಿದ್ದ ಯಶವಂತ ಘಾಡ್ಗೆ ಅವರು ಪ್ರಾಣ ಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದರು. ಇಬ್ಬರು ತಾತಂದಿರು ಒಂದೇ ಊರಿನಿಂದ ಹೋಗಿ ಒಂದೇ ರೆಜಿಮೆಂಟಿಗೆ ಸೇರಿದ್ದರೂ ಒಬ್ಬರು ಸೆರೆಮನೆಯಲ್ಲಿ, ಇನ್ನೊಬ್ಬರು ಇಟಲಿಯ ಬೆಟ್ಟದಲ್ಲಿ ಇದ್ದಿರಬಹುದು.

ಸ್ಯಾಪರ್ಸ್ ವಿಷಯವೂ ಹೀಗೆಯೇ. ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ 4ನೇ ಇಂಡಿಯನ್ ಡಿವಿಷನ್ನಿನಲ್ಲಿ ಇತ್ತು. ಆ ಡಿವಿಷನ್ ಹೋದ ಹಾದಿ ಚೆನ್ನಾಗಿ ಗೊತ್ತು: 1941ರ ಮೊದಲ ತಿಂಗಳುಗಳಲ್ಲಿ ಎರಿಟ್ರಿಯಾದ ಕೆರೆನ್, ಆಮೇಲೆ ಲಿಬಿಯಾದ ಮರುಭೂಮಿ, 1943ರಲ್ಲಿ ಟ್ಯುನೀಷಿಯಾ, 1944ರ ಫೆಬ್ರವರಿ ಮಾರ್ಚ್‌ನಲ್ಲಿ ಇಟಲಿಯ ಕ್ಯಾಸಿನೋ, ಆ ವರ್ಷದ ಕೊನೆಗೆ ಗ್ರೀಸ್. ಕ್ಯಾಸಿನೋದಲ್ಲಿ ಬೆಟ್ಟದ ಮೇಲಿನ ಮಠದ ಹಿಂಬದಿಗೆ ಟ್ಯಾಂಕ್ ಹತ್ತಿಸಲು ಕ್ಯಾವೆಂಡಿಷ್ ರೋಡ್ ಎಂಬ ಹಾದಿಯನ್ನು ಕಡಿದವರು ಈ ಡಿವಿಷನ್ನಿನ ಸ್ಯಾಪರ್‌ಗಳು ಮತ್ತು ನ್ಯೂಜಿಲೆಂಡಿನ ಎಂಜಿನಿಯರುಗಳು. ತಾತನ ಕಂಪನಿ ಗೊತ್ತಾದ ದಿನ "ಎಲ್ಲೋ ಫಾರಿನ್‌ಗೆ ಹೋಗಿದ್ದರಂತೆ" ಅನ್ನುವ ಮಾತು ಹೋಗಿ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಂತಾಗುತ್ತದೆ.

ಈ ಡೈರಿಗಳು ಎಲ್ಲಿವೆ? ಒಂದು ಪ್ರತಿ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅಲ್ಲಿನ ಫೈಲುಗಳ ಸರಣಿಗಳಲ್ಲಿ ಡಬ್ಲ್ಯು.ಓ. 169 ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾಕ್ಕೆ, ಡಬ್ಲ್ಯು.ಓ. 170 ಇಟಲಿ ಕಡೆಗೆ, ಡಬ್ಲ್ಯು.ಓ. 172 ಬರ್ಮಾ ಮತ್ತು ಆಗ್ನೇಯ ಏಷ್ಯಾಕ್ಕೆ. ಅವರ ವೆಬ್‌ಸೈಟಿನಲ್ಲಿ ಈ ನಂಬರ್ ಜೊತೆ ಯೂನಿಟ್ ಹೆಸರು ಹಾಕಿ ಹುಡುಕಿದರೆ ಯಾವ ಫೈಲ್ ಅಂತ ತಿಳಿಯುತ್ತದೆ. ಹೆಚ್ಚಿನವು ಆನ್‌ಲೈನ್ ಓದಲು ಸಿಗುವುದಿಲ್ಲ, ಹೋಗಿ ನೋಡಬೇಕು ಅಥವಾ ದುಡ್ಡು ಕೊಟ್ಟು ಪ್ರತಿ ತರಿಸಬೇಕು. ಲಂಡನ್ ಕಡೆ ನೆಂಟರೋ ಸ್ನೇಹಿತರೋ ಇದ್ದರೆ ಕೇಳಿಕೊಳ್ಳಿ. ಓದುಗರ ಕಾರ್ಡ್‌ಗೆ ಶುಲ್ಕ ಇಲ್ಲ, ಸ್ವಂತ ಫೋನಿನಲ್ಲಿ ಪುಟಗಳ ಫೋಟೋ ತೆಗೆದುಕೊಳ್ಳುವುದಕ್ಕೂ ಇಲ್ಲ. ಭಾರತದಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಮತ್ತು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ವಿಚಾರಿಸಬೇಕು. ಪತ್ರಾಗಾರದ ಅಭಿಲೇಖ ಪಟಲ್ ಎಂಬ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಹುಡುಕಬಹುದು.

ತಾತನಿಗೆ ಶೌರ್ಯಪದಕ ಬಂದಿದ್ದರೆ ಕೆಲಸ ಇನ್ನೂ ಸುಲಭ. ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್ ಅನ್ನು ಉಚಿತವಾಗಿ ಹುಡುಕಬಹುದು. ಯಾಕೆ ಪದಕ ಕೊಡಬೇಕು ಅಂತ ಅಧಿಕಾರಿಗಳು ಬರೆದ ಶಿಫಾರಸುಗಳು ಕ್ಯೂನಲ್ಲಿ ಡಬ್ಲ್ಯು.ಓ. 373 ಅಡಿ ಇವೆ, ಇವು ಡಿಜಿಟಲ್ ಆಗಿವೆ. ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣ್ಯನ್ ಅವರು 1944ರ ಫೆಬ್ರವರಿ 24ರಂದು ಇಟಲಿಯ ಮಿಗ್ನಾನೋ ಹತ್ತಿರ ಜೊತೆಗಾರರನ್ನು ಉಳಿಸಲು ಸಿಡಿಯಲಿದ್ದ ಮೈನ್ ಮೇಲೆ ತಾವೇ ಬಿದ್ದು ಪ್ರಾಣ ಬಿಟ್ಟರು, ಅವರಿಗೆ ಜಾರ್ಜ್ ಕ್ರಾಸ್ ಬಂತು. ಇಂಥ ಒಂದು ಶಿಫಾರಸಿನಲ್ಲಿ ಆ ದಿನ ನಡೆದದ್ದು ವಿವರವಾಗಿ ಇರುತ್ತದೆ.

ಮೈಸೂರು ಮಹಾರಾಜರ ಪಡೆಯಲ್ಲಿದ್ದವರ ಹಾದಿ ಬೇರೆ. ಅದು ಬ್ರಿಟಿಷರ ಭಾರತೀಯ ಸೇನೆಯಲ್ಲ, ಸಂಸ್ಥಾನದ ಪಡೆ. ಮೊದಲ ಮಹಾಯುದ್ಧದಲ್ಲಿ ಹೈಫಾ ಗೆದ್ದ ಮೈಸೂರು ಲ್ಯಾನ್ಸರ್ಸ್ ಎಲ್ಲರಿಗೂ ಗೊತ್ತು, ಆದರೆ 1942ರಲ್ಲಿ ಮೈಸೂರು ಇನ್‌ಫೆಂಟ್ರಿ ಸಿಂಗಾಪುರದಲ್ಲಿ ಇತ್ತು ಅನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಇವರ ವಿಷಯಕ್ಕೆ ಬೆಂಗಳೂರು ಮತ್ತು ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದ ಸಂಸ್ಥಾನ ಕಾಲದ ಫೈಲುಗಳನ್ನು ಮೊದಲು ನೋಡಬೇಕು. ಸ್ವಾತಂತ್ರ್ಯದ ಮೇಲೆ ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿಗೆ ಸೇರಿತು, ಲ್ಯಾನ್ಸರ್ಸ್ 1953ರಲ್ಲಿ ಹುಟ್ಟಿದ 61ನೇ ಕ್ಯಾವಲ್ರಿಯಲ್ಲಿ ಬೆರೆಯಿತು.

ಸಿಂಗಾಪುರ 1942ರ ಫೆಬ್ರವರಿ 15ರಂದು ಶರಣಾಯಿತು. ನಲವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಜಪಾನಿಯರ ಕೈಗೆ ಸಿಕ್ಕರು. ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು, ಸೇರದವರಲ್ಲಿ ಹಲವರನ್ನು ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿ ಮಾಡಿಸಲು ಒಯ್ದರು. ಅಲ್ಲಿ ಹಸಿವು, ಮಲೇರಿಯಾ, ಹೊಡೆತದಲ್ಲಿ ಸತ್ತವರು ಬಹಳ. 1945ರಲ್ಲಿ ಬಿಡುಗಡೆಯಾದ ಭಾರತೀಯರ ಫೋಟೋಗಳು ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ಸಂಗ್ರಹದಲ್ಲಿವೆ, ವೆಬ್‌ಸೈಟಿನಲ್ಲೇ ನೋಡಬಹುದು. ಸೆರೆಯಾಳುಗಳ ವಿವರಕ್ಕೆ ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ಗೂ ಮನೆಯವರು ಅರ್ಜಿ ಹಾಕಬಹುದು. ಆಜಾದ್ ಹಿಂದ್ ಫೌಜ್ ಕಾಗದಗಳು ದೆಹಲಿಯ ಪತ್ರಾಗಾರದಲ್ಲಿವೆ. ಅಲ್ಲಿ ತಾತನ ಹೆಸರಿನ ಮುಂದೆ ವೈಟ್, ಗ್ರೇ, ಬ್ಲ್ಯಾಕ್ ಅಂತ ಏನಾದರೂ ಬರೆದಿದ್ದರೆ ಗಾಬರಿಯಾಗಬೇಡಿ. ಯುದ್ಧ ಮುಗಿದ ಮೇಲೆ ಬ್ರಿಟಿಷರು ವಿಚಾರಣೆ ಮಾಡಿ ಹಾಕಿದ ವಿಂಗಡಣೆ ಅದು. ಬ್ಲ್ಯಾಕ್ ಅಂದರೆ ಫೌಜ್ ಕಡೆ ಗಟ್ಟಿಯಾಗಿ ನಿಂತವರು ಅಂತ ಅವರು ತೀರ್ಮಾನಿಸಿದ್ದು. ಅಂಥವರನ್ನು ಸೇನೆಯಿಂದ ತೆಗೆದುಹಾಕಿದರು. ಕೆಲವು ಮನೆಗಳಲ್ಲಿ ತಾತ ಯುದ್ಧದ ಬಗ್ಗೆ ಬಾಯಿ ಬಿಡದೇ ಇದ್ದದ್ದಕ್ಕೆ ಕಾರಣ ಇಲ್ಲೇ ಇರಬಹುದು.

ಯುದ್ಧದಿಂದ ವಾಪಸು ಬಾರದವರ ವಿಷಯಕ್ಕೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್ ನೋಡಿ, ಅದು ಉಚಿತ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ತೀರಿಕೊಂಡವರ ಹೆಸರುಗಳು ಅಲ್ಲಿವೆ. ಅವಿಭಜಿತ ಭಾರತದವರೇ ಸುಮಾರು 87,000. ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಸಮಾಧಿ ಇಲ್ಲದಿದ್ದರೂ ಸ್ಮಾರಕದ ಗೋಡೆಯಲ್ಲಿ ಹೆಸರು ಇರುತ್ತದೆ. ರಂಗೂನ್ ಹತ್ತಿರದ ತೌಕ್‌ಚಾನ್ ಸ್ಮಾರಕ ಒಂದರಲ್ಲೇ ಸುಮಾರು 27,000 ಹೆಸರುಗಳಿವೆ, ಸಿಂಗಾಪುರದ ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು. ಇಂಗ್ಲಿಷ್ ಕಾಗುಣಿತ ಮಾತ್ರ ಗುಮಾಸ್ತರ ಕಿವಿಗೆ ಬಿದ್ದ ಹಾಗೆ ಇರುತ್ತದೆ. ಗೌಡ ಅನ್ನುವುದರ ನಡುವೆ ಡಬ್ಲ್ಯು ಬಂದಿರಬಹುದು, ಯು ಬಂದಿರಬಹುದು. ಸಿದ್ದಪ್ಪನಿಗೆ ಒಂದೇ ಡಿ ಇರಬಹುದು. ಅಯ್ಯ ಅನ್ನುವ ಕೊನೆಗಂತೂ ಲೆಕ್ಕವಿಲ್ಲದಷ್ಟು ರೂಪ. ಆದ್ದರಿಂದ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಹಾಕಿ, ಭಾರತೀಯ ಸೇನೆ ಅಂತ ಆಯ್ದುಕೊಂಡು, ಹೆಚ್ಚಿನ ವಿವರದ ಜಾಗದಲ್ಲಿ ಊರು ಅಥವಾ ಹಳೇ ಜಿಲ್ಲೆಯ ಹೆಸರು ಕೊಟ್ಟು ಹುಡುಕಿ. ಎಷ್ಟೋ ನಮೂದುಗಳಲ್ಲಿ "ಇಂಥವರ ಮಗ, ಇಂಥವರ ಗಂಡ, ಇಂಥ ಊರಿನವರು" ಅಂತ ಬರೆದಿರುತ್ತದೆ, ಹೆಂಡತಿಯ ಹೆಸರು ನೋಡಿಯೇ ನಮ್ಮವರು ಅಂತ ಗುರುತು ಹಿಡಿಯಬಹುದು. ಊರಿನ ಹೆಸರೋ ತಂದೆಯ ಹೆಸರೋ ತಪ್ಪಾಗಿದ್ದರೆ, ಅಥವಾ ಹೆಸರೇ ಬಿಟ್ಟುಹೋಗಿದ್ದರೆ, ದಾಖಲೆ ಲಗತ್ತಿಸಿ ಕಮಿಷನ್‌ಗೆ ಬರೆಯಬಹುದು. ಅವರು ಪರಿಶೀಲಿಸಿ ತಿದ್ದುತ್ತಾರೆ, ಬಿಟ್ಟುಹೋದ ಹೆಸರನ್ನು ಸೇರಿಸಿದ್ದೂ ಉಂಟು.